ಗೋಡೆಯ ಚಾರ್ಟ್ ಇಳಿಸಿದ ಮೇಲೆ

ನನ್ನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ಭೂಕಂಪ, ಯುದ್ಧ, ಬರ, ಹೊಸ ರೋಗ. ಪ್ರತಿಯೊಂದಕ್ಕೂ ತಾರೀಕು, ಪಕ್ಕದಲ್ಲಿ ಬೈಬಲಿನ ಒಂದು ವಚನ. ಹಿಂದಿನಿಂದ ತೆರೆದರೆ ಬರೀ ಜನರ ಹೆಸರುಗಳು. ಎರಡು ಕಡೆಯ ಕೈಬರಹವೂ ನನ್ನದೇ. ಮಧ್ಯದಲ್ಲಿ ಹತ್ತಿಪ್ಪತ್ತು ಹಾಳೆ ಖಾಲಿ ಉಳಿದಿವೆ.

ಹನ್ನೆರಡು ವರ್ಷ ನಾನು ನಮ್ಮ ಕ್ರೈಸ್ತ ಸಭೆಯಲ್ಲಿ ಅಂತ್ಯಕಾಲದ, ಅಂದರೆ ಲೋಕದ ಕೊನೆಯ ದಿನಗಳ, ಪಾಠ ಮಾಡುತ್ತಿದ್ದೆ. ಪಾಸ್ಟರ್ ಅಲ್ಲ, ಸುಮ್ನೆ ಬೈಬಲ್ ಸ್ಟಡಿ ನಡೆಸುವವನು. ಗೋಡೆ ತುಂಬ ಒಂದು ಚಾರ್ಟ್ ಇತ್ತು. ಎಡಗಡೆ ಸೃಷ್ಟಿ, ಬಲಗಡೆ ಹೊಸ ಯೆರೂಸಲೇಮ್. ನಡುವೆ ದಾನಿಯೇಲನ 70 ವಾರಗಳು, ಸಭೆಯ ಎತ್ತಲ್ಪಡುವಿಕೆ (ಕರ್ತನಾದ ಯೇಸುವಿನ ಬರೋಣದಲ್ಲಿ, ಅಂದರೆ ಆತನು ತಿರುಗಿ ಬಂದಾಗ, ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುವುದು), 7 ವರ್ಷದ ಮಹಾಸಂಕಟ, 1000 ವರ್ಷದ ಆಳ್ವಿಕೆ. 'ನಾವು ಇಲ್ಲಿದ್ದೇವೆ' ಅಂತ ಒಂದು ಕೆಂಪು ಚುಕ್ಕಿ. ಆ ಚುಕ್ಕಿಗೂ ಎತ್ತಲ್ಪಡುವಿಕೆಯ ಬಾಣಕ್ಕೂ ಒಂದು ಬೆರಳಿನಷ್ಟು ಜಾಗವಿತ್ತು. ಹನ್ನೆರಡು ವರ್ಷವೂ ಅಷ್ಟೇ ಜಾಗ. ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕ್ಲಾಸಿಗೆ ಜನ ತುಂಬುತ್ತಿದ್ದರು, ಅದನ್ನು ಮುಚ್ಚಿಡಬಾರದು. ಯೇಸುವಿನ ಬೆಟ್ಟದ ಪ್ರಸಂಗದ ಬಗ್ಗೆ ಮಾತಾಡಿದರೆ ಎಂಟು ಜನ, ಅಂತ್ಯಕಾಲದಲ್ಲಿ ಏಳುವ ದುಷ್ಟ ಅಧಿಪತಿಯಾದ ಮೃಗದ ಗುರುತಿನ ಬಗ್ಗೆ ಅಂದರೆ ಕೂರಲು ಜಾಗ ಇಲ್ಲ.

ಇದನ್ನು ಬರೆಯಲು ನಾಚಿಕೆ ಆಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ದಿನ ನಾನು ನೋಟ್‌ಬುಕ್ ತೆಗೆದು ಕೆಂಪು ಇಂಕಿನಲ್ಲಿ ಬರೆದೆ. ಪಕ್ಕದಲ್ಲಿ ಲೂಕ 21:25, 'ಸಮುದ್ರದ ಘೋಷ'. ಬರೆಯುವಾಗ ಅಳು ಬರಲಿಲ್ಲ, ಒಂಥರಾ ಪುಳಕವಾಯಿತು. ನಮ್ಮ ಲೆಕ್ಕ ಸರಿಯಾಗುತ್ತಿದೆ ಅನ್ನುವ ಪುಳಕ. ಆ ಪುಟ ಈಗಲೂ ಹಾಗೇ ಇದೆ, ಹರಿದು ಹಾಕಿಲ್ಲ.

ಅಷ್ಟೇ ಕೆಟ್ಟದ್ದು ಮನೆಯೊಳಗೂ ನಡೆಯಿತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಅಂತ ಅಮ್ಮ ಹೇಳುತ್ತಲೇ ಇದ್ದಳು. ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಒಂದು ದಿನ ಅಪ್ಪನಿಗೇ ಹೇಳಿದೆ, "ಕರ್ತನ ಬರೋಣ ಹತ್ತಿರ ಇದೆ ಅಪ್ಪಾ, ಹೊಸ ದೇಹವೇ ಸಿಗುತ್ತೆ." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿವರೆಗೂ ನನಗೆ ಬೈಬಲ್ ಯಾರು ಓದಿ ಹೇಳ್ತಾರೆ?" ಅಂದರು. ನಾನು ನಕ್ಕು ಮಾತು ಮರೆಸಿದೆ.

2011ರ ಮೇ 21ರಂದು ಎತ್ತಲ್ಪಡುವಿಕೆ ಆಗುತ್ತದೆ ಅಂತ ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಸಾರಿದ್ದ. ದೊಡ್ಡ ದೊಡ್ಡ ಜಾಹೀರಾತು ಫಲಕಗಳನ್ನೂ ಹಾಕಿಸಿದ್ದರು. ನಾನು ಅದನ್ನು ನಂಬಿರಲಿಲ್ಲ. ಆ ದಿನ ಆ ಗಳಿಗೆ ಯಾರಿಗೂ ತಿಳಿಯದು ಅಂತ ಯೇಸುವೇ ಹೇಳಿದ್ದಾನೆ, ಮತ್ತಾಯ 24:36. ಮರುದಿನ ಭಾನುವಾರ. ಕ್ಲಾಸಿನಲ್ಲಿ ಅವನ ಬಗ್ಗೆ ತಮಾಷೆ ಮಾಡಿದೆ, ಎಲ್ಲರೂ ನಕ್ಕರು. ಮನೆಗೆ ಬಂದಾಗ ಅಪ್ಪ ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ಕೀರ್ತನೆಗಳನ್ನು ಓದಲು ಹೆಣಗುತ್ತಿದ್ದರು. ಪುಸ್ತಕವನ್ನು ಆ ಕಡೆ ಈ ಕಡೆ ವಾಲಿಸುತ್ತಿದ್ದರು. ಆಗ ನನಗೆ ಹೊಡೆದ ಹಾಗಾಯಿತು. ಅವನು ತಾರೀಕು ಹೇಳಿ ತಪ್ಪು ಮಾಡಿದ. ನಾನು ತಾರೀಕು ಹೇಳದೆ ಅದೇ ತಪ್ಪು ಮಾಡಿದ್ದೆ. ನಾಳೆ ಅನ್ನುವುದೇ ಇಲ್ಲ ಅನ್ನುವ ಹಾಗೆ ಬದುಕಿದ್ದೆ, ಅದರ ಬೆಲೆ ಅಪ್ಪನ ಕಣ್ಣು ಕೊಟ್ಟಿತ್ತು.

ಆ ತಿಂಗಳೇ ಒಂದು ಕಣ್ಣಿನ ಆಪರೇಷನ್ ಆಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಷ್ಟು ಸಣ್ಣ ಕೆಲಸ.

ಆಮೇಲೆ ನಾನು ಮೊದಲು ಮಾಡಿದ್ದು ಚಾರ್ಟ್ ಇಳಿಸಿದ್ದು. ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ. ಒಂದು ವರ್ಷ ಅಂತ್ಯಕಾಲದ ಒಂದು ಪುಸ್ತಕವನ್ನೂ ಮುಟ್ಟುವುದಿಲ್ಲ, ಒಂದು ವಿಡಿಯೊವನ್ನೂ ನೋಡುವುದಿಲ್ಲ ಅಂತ ತೀರ್ಮಾನಿಸಿದೆ. ಸುಲಭ ಅಂದುಕೊಂಡಿದ್ದೆ. ಮೊದಲ ಎರಡು ತಿಂಗಳು ಪ್ರಾರ್ಥನೆಯೇ ಬರಲಿಲ್ಲ. ಇಷ್ಟು ವರ್ಷ ನನ್ನನ್ನು ಮೊಣಕಾಲೂರಿಸುತ್ತಿದ್ದದ್ದು ಪ್ರೀತಿ ಅಲ್ಲ, ಎತ್ತಲ್ಪಡದೆ ಹಿಂದೆ ಉಳಿದುಬಿಡುತ್ತೇನೇನೋ ಅನ್ನುವ ಭಯ. ಭಯ ತೆಗೆದ ಮೇಲೆ ಒಳಗೆ ಬಹಳ ಕಡಿಮೆ ಉಳಿದಿತ್ತು. ಇದೇ ದಾರಿಗೆ ಹೊರಡುವವರಿಗೆ ಮೊದಲೇ ಹೇಳುತ್ತೇನೆ, ಈ ಖಾಲಿತನ ಬಂದೇ ಬರುತ್ತದೆ. ನಂಬಿಕೆ ಹೋಯಿತು ಅಂತ ಗಾಬರಿಯಾಗಬೇಡಿ.

ಆ ಹೊತ್ತಿನಲ್ಲಿ ಹಿಡಿದುಕೊಳ್ಳಲು ಸಿಕ್ಕಿದ್ದು ಕರ್ತನು ಕಲಿಸಿದ ಪ್ರಾರ್ಥನೆಯ ಒಂದೇ ಸಾಲು. 'ನಿನ್ನ ರಾಜ್ಯವು ಬರಲಿ.' ನಾನು ದಿನಾ ಹೇಳುತ್ತಿದ್ದದ್ದು ಇದು, ಮನಸ್ಸಿನಲ್ಲಿ ಕೇಳುತ್ತಿದ್ದದ್ದು 'ನಿನ್ನ ರಾಜ್ಯಕ್ಕೆ ನಮ್ಮನ್ನು ಕರೆದುಕೊಂಡು ಹೋಗು' ಅಂತ. ಹೋಗುವುದಕ್ಕೂ ಬರುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮುಂದಿನ ಸಾಲಿನಲ್ಲಿ 'ಭೂಲೋಕದಲ್ಲಿಯೂ' ಅಂತ ಬಿಡಿಸಿಯೇ ಹೇಳಿದೆ.

ಹಾಗೆ ದಿಕ್ಕು ನೋಡಲು ಶುರು ಮಾಡಿದ ಮೇಲೆ ಎಲ್ಲಾ ಕಡೆ ಅದೇ ಕಾಣಿಸಿತು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೇ ಅಧ್ಯಾಯದಲ್ಲಿ ಹೊಸ ಯೆರೂಸಲೇಮ್ ಪಟ್ಟಣ ಪರಲೋಕದಿಂದ ಇಳಿದು ಬರುತ್ತದೆ, ಜನ ಮೇಲಕ್ಕೆ ಹತ್ತುವುದಿಲ್ಲ. ನನ್ನ ಚಾರ್ಟ್‌ನ ಮೂಲಕಂಬ 1 ಥೆಸಲೋನಿಕ 4:17. ಅಪೊಸ್ತಲ ಪೌಲನ ಕಾಗದದ ಆ ವಚನದಲ್ಲಿ, ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು 'ಎದುರುಗೊಳ್ಳುವ' ಮಾತಿದೆ. ಕನ್ನಡದವರಾಗಿ ನಾವು ಆ ಮಾತಿನ ಮೇಲೆ ಒಂದು ನಿಮಿಷ ನಿಲ್ಲಬೇಕಿತ್ತು. ನೆಂಟರನ್ನು ಎದುರುಗೊಳ್ಳಲು ಹೋದವರು ಏನು ಮಾಡುತ್ತಾರೆ? ಅವರ ಜೊತೆ ಬಸ್ಸು ಹತ್ತಿ ಹೊರಟುಹೋಗುತ್ತಾರಾ? ಕೈಯಿಂದ ಚೀಲ ಇಸಕೊಂಡು ಮನೆಗೆ ಕರೆದುಕೊಂಡು ಬರುತ್ತಾರೆ. ಗ್ರೀಕಿನಲ್ಲಿ ಅಲ್ಲಿರುವ ಪದ ಅಪಾಂತೇಸಿಸ್. ಅಪೊಸ್ತಲರ ಕೃತ್ಯಗಳು 28:15ರಲ್ಲೂ ಅದೇ ಪದ. ರೋಮಿನ ಸಹೋದರರು ಪೌಲನನ್ನು ಎದುರುಗೊಳ್ಳಲು ಊರಾಚೆ ಬರುತ್ತಾರೆ, ಆಮೇಲೆ ಎಲ್ಲರೂ ರೋಮಿಗೇ ಹೋಗುತ್ತಾರೆ. ಪಂಡಿತರೆಲ್ಲ ಇದನ್ನು ಒಪ್ಪುವುದಿಲ್ಲ. ನನಗೆ ಮಾತ್ರ ಕನ್ನಡದ ಆ ಒಂದು ಮಾತೇ ಸಾಕಾಯಿತು. ಅತಿಥಿ ಬರುವುದು ಈ ಮನೆಗೆ ಅಂದರೆ, ಮನೆ ಗುಡಿಸಬೇಕಾಗುತ್ತದೆ.

ಅದೇ ಅಧ್ಯಾಯದಲ್ಲಿ ಆರು ವಚನ ಹಿಂದೆ ಹೋದರೆ ಪೌಲ ಇನ್ನೊಂದು ಹೇಳಿದ್ದಾನೆ. ಸುಮ್ಮನಿದ್ದು ಸ್ವಂತ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ ಅಂತ. ಹನ್ನೆರಡು ವರ್ಷ 17ನೇ ವಚನ ಬೋಧಿಸಿದ ನಾನು 11ನೇದನ್ನು ಒಂದು ಸಲವೂ ಬೋಧಿಸಿರಲಿಲ್ಲ.

ಚರಿತ್ರೆಯನ್ನೂ ಸ್ವಲ್ಪ ಓದಿದೆ. ನಾನು ಅಪೊಸ್ತಲರ ಬೋಧನೆ ಅಂದುಕೊಂಡಿದ್ದ ಚಾರ್ಟ್‌ನ ರೂಪ 1830ರ ದಶಕದಲ್ಲಿ, ಐರ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಜಾನ್ ನೆಲ್ಸನ್ ಡಾರ್ಬಿಯ ಬೋಧನೆಯಿಂದ ಹರಡಿದ್ದು. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಮನೆಮನೆಗೆ ಬಂದದ್ದು. ಅಡಿಟಿಪ್ಪಣಿಯನ್ನು ವಚನ ಅಂತ ಓದಿದ್ದೆ ನಾನು. 1844ರ ಅಕ್ಟೋಬರ್ 22ಕ್ಕೆ ಕರ್ತನು ಬರುತ್ತಾನೆ ಅಂತ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಹಿಂಬಾಲಕರು ಕಾದಿದ್ದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಮಿಲ್ಲರ್ ಸ್ವತಃ ಒಬ್ಬ ರೈತ. ಆ ಹೊಲಗಳನ್ನು ನೆನೆದರೆ ನನಗೆ ಅಪ್ಪನ ಕಣ್ಣು ನೆನಪಾಗುತ್ತದೆ.

ಇದಕ್ಕೆ ಸರಿಯಾಗಿ ಎದುರಿನ ಕಥೆಯೂ ಒಂದಿದೆ, ನನಗೆ ಬಹಳ ಇಷ್ಟವಾದದ್ದು. 1780ರ ಮೇ 19ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಹಗಲಲ್ಲೇ ಕತ್ತಲಾಯಿತು. ಕಾಡ್ಗಿಚ್ಚಿನ ಹೊಗೆ ಕಾರಣ ಅಂತ ಈಗ ಹೇಳುತ್ತಾರೆ. ಆಗಿನವರು ನ್ಯಾಯತೀರ್ಪಿನ ದಿನವೇ ಬಂತು ಅಂದುಕೊಂಡರು. ಕನೆಕ್ಟಿಕಟ್‌ನ ಶಾಸನಸಭೆಯಲ್ಲಿ ಕಲಾಪ ನಿಲ್ಲಿಸೋಣ ಅಂತ ಮಾತು ಬಂತು. ಅಬ್ರಹಾಂ ಡ್ಯಾವೆನ್‌ಪೋರ್ಟ್ ಅನ್ನುವ ಸದಸ್ಯ ಒಪ್ಪಲಿಲ್ಲ. ಆ ದಿನ ಬಂದಿಲ್ಲ ಅಂದರೆ ಸಭೆ ನಿಲ್ಲಿಸಲು ಕಾರಣವಿಲ್ಲ, ಬಂದಿದ್ದರೆ ನಾನು ನನ್ನ ಕೆಲಸ ಮಾಡುತ್ತಿರುವಾಗಲೇ ಸಿಗಲಿ, ಮೇಣದಬತ್ತಿ ತರಿಸಿ ಅಂದ. ನಮ್ಮ ಮನೆಯಲ್ಲಿ ಇದೊಂದು ಗಾದೆಯ ಥರ ಆಗಿಬಿಟ್ಟಿದೆ. ನಾನು ಏನಾದರೂ ಕೆಟ್ಟ ಸುದ್ದಿ ಓದಿ ಮಂಕಾಗಿ ಕೂತರೆ ನನ್ನ ಹೆಂಡತಿ, "ಮೇಣದಬತ್ತಿ ತರ್ಲಾ?" ಅಂತ ಕೇಳುತ್ತಾಳೆ. (ನಾಳೆ ಲೋಕ ಮುಗಿದರೂ ಇವತ್ತು ಸೇಬಿನ ಗಿಡ ನೆಡುತ್ತೇನೆ ಅಂತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹೇಳಿದ ಅನ್ನುತ್ತಾರಲ್ಲ, ಅದು ಅವನ ಬರಹಗಳಲ್ಲಿ ಎಲ್ಲೂ ಸಿಗುವುದಿಲ್ಲ. ಬೋಧನೆಯಲ್ಲಿ ನಾನೂ ಎರಡು ಸಲ ಬಳಸಿ, ಆಮೇಲೆ ಬಿಟ್ಟೆ.)

ವರ್ಷ ಕಳೆದ ಮೇಲೆ ಕ್ಲಾಸ್ ಮತ್ತೆ ಶುರು ಮಾಡಿದೆ. ಪ್ರಕಟನೆಯನ್ನೇ ತೆಗೆದುಕೊಂಡೆ, ಬೇಕಂತಲೇ. ಒಂದೇ ಶರತ್ತು, ವಿವರಣೆ ಇಲ್ಲದೆ ಪೂರ್ತಿ ಪುಸ್ತಕ ಗಟ್ಟಿಯಾಗಿ ಓದಬೇಕು. ಓದುವವನೂ ಕೇಳುವವರೂ ಧನ್ಯರು ಅಂತ ಮೊದಲ ಅಧ್ಯಾಯದಲ್ಲೇ ಇದೆಯಲ್ಲ. ಆರು ಜನ ಬಂದರು. ಸರದಿಯ ಮೇಲೆ ಓದಿದೆವು, ಸುಮಾರು ಒಂದೂಕಾಲು ಗಂಟೆ ಹಿಡಿಯಿತು. ಕೊನೆಯಲ್ಲಿ ಯಾರೂ ಮಾತಾಡಲಿಲ್ಲ. ಚೂರುಚೂರಾಗಿ ಓದಿದಾಗ ಅದು ಒಗಟಿನ ಪುಸ್ತಕ. ಒಟ್ಟಿಗೆ ಓದಿದರೆ ಅದು ಕಾಗದ. ಎಫೆಸದಿಂದ ಲವೊದಿಕೀಯದವರೆಗೆ ಏಳು ಸಭೆಗಳಿಗೆ, ರೋಮಿನ ಕೈಕೆಳಗೆ ನರಳುತ್ತಿದ್ದ ನಿಜವಾದ ಜನರಿಗೆ ಬರೆದದ್ದು. ಮೃಗದ ಸಂಖ್ಯೆಯಾದ 666ಕ್ಕೆ ನಾನು ಎಷ್ಟು ಅರ್ಥ ಕಟ್ಟಿದ್ದೆನೋ ಲೆಕ್ಕವಿಲ್ಲ. ರೋಮಿನ ಚಕ್ರವರ್ತಿ 'ನೀರೋ ಕೈಸರ'ನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿದರೆ ಅದೇ ಸಂಖ್ಯೆ ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ, ಅದು ಆ ಹೆಸರಿನ ಲ್ಯಾಟಿನ್ ರೂಪಕ್ಕೆ ಹೊಂದುತ್ತದೆ. ಆ ಕಾಲದ ಓದುಗನಿಗೆ ಮೃಗ ಮುಂದೆಂದೋ ಬರುವವನಲ್ಲ, ಕೈಯಲ್ಲಿದ್ದ ನಾಣ್ಯದ ಮೇಲೆ ಮುಖವಿದ್ದವನು.

ಚರ್ಚೆ ಹತ್ತಿಕೊಂಡಿದ್ದು 18ನೇ ಅಧ್ಯಾಯದಲ್ಲಿ. ಬಾಬೆಲ್ ಮಹಾನಗರ ಬಿದ್ದಾಗ ವರ್ತಕರು ಗೋಳಾಡುತ್ತಾರೆ, ಇನ್ನು ನಮ್ಮ ಸರಕು ಯಾರು ಕೊಳ್ಳುತ್ತಾರೆ ಅಂತ. ಸರಕಿನ ಪಟ್ಟಿ ಚಿನ್ನದಿಂದ ಶುರುವಾಗುತ್ತದೆ. ಬೆಳ್ಳಿ, ಮುತ್ತು, ರೇಷ್ಮೆ, ದಂತ, ಗೋದಿ, ದನ, ಕುರಿ, ಕುದುರೆ. ಕೊನೆಯಲ್ಲಿ ಮನುಷ್ಯರ ದೇಹಗಳು ಮತ್ತು ಪ್ರಾಣಗಳು. ಚಿನ್ನ ಎಲ್ಲಕ್ಕಿಂತ ಮೇಲೆ, ಮನುಷ್ಯ ಎಲ್ಲಕ್ಕಿಂತ ಕೆಳಗೆ. ನಮ್ಮಲ್ಲಿ ಒಬ್ಬ ಸಿಸ್ಟರ್, ಯಾವತ್ತೂ ಬಾಯಿ ಬಿಡದವರು, ಕೇಳಿದರು, "ಹಾಗಾದ್ರೆ ನಮ್ಮ ಸಭೆಯ ಪಟ್ಟಿಯಲ್ಲಿ ಕಸ ಗುಡಿಸೋ ಅಕ್ಕ ಎಷ್ಟನೆಯವಳು?"

ಲೆಕ್ಕ ತೆಗೆಸಿದೆವು. ಧ್ವನಿವರ್ಧಕಕ್ಕೆ ಆ ವರ್ಷ ಖರ್ಚಾದದ್ದು ಅವಳ ವರ್ಷದ ಸಂಬಳಕ್ಕಿಂತ ಜಾಸ್ತಿ. ಆರು ವರ್ಷದಿಂದ ಸಂಬಳ ಏರಿರಲಿಲ್ಲ. ರಜೆಯೂ ಇರಲಿಲ್ಲ, ಭಾನುವಾರವಂತೂ ಮೊದಲೇ ಇಲ್ಲ. ಈ ಮಾತು ಎತ್ತಿದಾಗ ಸಭೆಯ ಹಿರಿಯರೊಬ್ಬರು, "ಬ್ರದರ್, ಇದು ಬೈಬಲ್ ಸ್ಟಡಿನಾ, ಯೂನಿಯನ್ ಮೀಟಿಂಗಾ?" ಅಂದರು. ನಾಲ್ಕು ತಿಂಗಳು ಎಳೆದಾಡಿತು. ಕೊನೆಗೆ ಸಂಬಳ ಏರಿತು, ವಾರಕ್ಕೆ ಒಂದು ರಜೆ ಸಿಕ್ಕಿತು. ಆ ರಜೆಯ ದಿನ ಗುಡಿಸುವ ಸರದಿ ನಮ್ಮದು. ಹನ್ನೆರಡು ವರ್ಷ ಮಹಾಸಂಕಟದ ಬಗ್ಗೆ ಮಾತಾಡಿ ಒಬ್ಬರ ಸಂಕಟವನ್ನೂ ನಾನು ಕಡಿಮೆ ಮಾಡಿರಲಿಲ್ಲ. ಪೊರಕೆ ಹಿಡಿದ ಮೊದಲ ದಿನ ಅದು ತಲೆಗೆ ಹೋಯಿತು.

ಹಿಂದಿನ ಪುಟದಿಂದ ಹೆಸರು ಬರೆಯಲು ಶುರು ಮಾಡಿದ್ದೂ ಆಗಲೇ. ಕ್ರಮ ಬಹಳ ಸರಳ. ವಾರದಲ್ಲಿ ನನ್ನ ಕಣ್ಣೆದುರು ಬಂದ ಒಬ್ಬರ ಕಷ್ಟ, ಒಂದು ಹೆಸರು, ಪಕ್ಕದಲ್ಲಿ ಅವರು ಕೇಳಿದ ಕೆಲಸ. ನಾನು ಊಹಿಸಿದ್ದಲ್ಲ, ಅವರೇ ಬಾಯಿಬಿಟ್ಟು ಕೇಳಿದ್ದು. ಇದು ಮುಖ್ಯ. ಮೊದಮೊದಲು ನಾನೇ ತೀರ್ಮಾನಿಸುತ್ತಿದ್ದೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರ ಹತ್ತಿರ ಹೋಗಿ ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿದೆ. ಮುಗಿದ ಮೇಲೆ ಅವರು, "ಮಗಳ ಅರ್ಜಿ ತುಂಬಿಸಿ ಕೊಡ್ತೀರಾ? ಕೊನೇ ದಿನ ನಾಳೆ" ಅಂದರು. ಅಷ್ಟು ಹೊತ್ತಿಗೆ ಹೊರಡುವ ಸಮಯ ಆಗಿಹೋಗಿತ್ತು. ಈಗ ಮೊದಲು ಕೆಲಸ ಕೇಳುತ್ತೇನೆ, ಅವರು ಬಯಸಿದರೆ ಆಮೇಲೆ ಪ್ರಾರ್ಥನೆ. ಬೋಧನೆ ಇಲ್ಲ.

ಎಲ್ಲಾ ಸರಿಹೋಯಿತು ಅಂತ ತಿಳಿಯಬೇಡಿ. ಎರಡನೇ ವರ್ಷ ನಾನು ಇನ್ನೊಂದು ಗುಂಡಿಗೆ ಬಿದ್ದೆ. ವಾರಕ್ಕೆ ಐದಾರು ಮನೆ ಸುತ್ತುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಹೆಸರು ಎಣಿಸಿ ಖುಷಿಪಡುತ್ತಿದ್ದೆ. ಮೊದಲು ಭೂಕಂಪ ಎಣಿಸುತ್ತಿದ್ದವನು ಈಗ ಪುಣ್ಯ ಎಣಿಸುತ್ತಿದ್ದೆ. ಲೋಕವನ್ನು ನಾನೇ ಸರಿಮಾಡಿಬಿಡುತ್ತೇನೆ ಅನ್ನುವ ಹಾಗೆ ಓಡಾಟ. ಹಳೆಯ ಗೆಳೆಯರು ಎತ್ತಲ್ಪಡುವಿಕೆಯ ಮಾತು ತೆಗೆದರೆ ಹಂಗಿಸುತ್ತಿದ್ದೆ. ಕೊನೆಗೆ ಒಂದು ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ. ಈಗ ಶನಿವಾರ ಎರಡೇ ಮನೆ.

ನನ್ನ ಅಹಂಕಾರಕ್ಕೆ ಪೆಟ್ಟು ಕೊಟ್ಟವರು ಒಬ್ಬ ಅಜ್ಜಿ. ನೋಟ್‌ಬುಕ್ಕಿನ ಮೂರನೇ ಹೆಸರು ಅವರದು. ಅವರ ಒಬ್ಬನೇ ಮಗ ಕಟ್ಟಡದ ಕೆಲಸ ಮಾಡುವಾಗ ಮೇಲಿನಿಂದ ಬಿದ್ದು ತೀರಿಕೊಂಡ. ಪರಿಹಾರ ಸಿಗಲಿಲ್ಲ, ಕೇಸೂ ನಿಲ್ಲಲಿಲ್ಲ. ಅಜ್ಜಿ ಮಾತೆತ್ತಿದರೆ ಕರ್ತನ ಬರೋಣ. ಒಂದು ಶನಿವಾರ ನಾನು ದೊಡ್ಡ ತಿಳಿದವನ ಥರ, "ಅದೆಲ್ಲ ಆಮೇಲೆ ಅಜ್ಜಿ, ದೇವರ ರಾಜ್ಯ ಇಲ್ಲೇ ನಮ್ಮ ನಡುವೆಯೇ ಇದೆ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಇಲ್ಲಿ ಎಲ್ಲಾ ಇದೆ ಕಣಪ್ಪಾ, ಅದಕ್ಕೆ ಹಾಗಂತೀಯ. ನನ್ನ ಮಗನ ನ್ಯಾಯ ಇಲ್ಲಿ ಆಗಲಿಲ್ಲ. ಅಲ್ಲೂ ಆಗಲ್ಲ ಅಂತೀಯಾ?" ಅಂದರು.

ಉತ್ತರ ಹೊಳೆಯಲಿಲ್ಲ. ಬಹಳ ದಿನ ಹೊಳೆಯಲಿಲ್ಲ. ಪ್ರಕಟನೆ 6ರಲ್ಲಿ ಹತರಾದವರು "ಇನ್ನೆಷ್ಟರವರೆಗೆ?" ಅಂತ ಕೂಗುತ್ತಾರಲ್ಲ, ಆ ಕೂಗು ಅಜ್ಜಿಯದು. ನನಗೆ ಬರೋಣ ಒಂದು ಚಾರ್ಟ್ ಆಗಿತ್ತು. ಅವರಿಗೆ ಅದು ಉಳಿದಿರುವ ಒಂದೇ ಕೋರ್ಟು. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಹಾಗಾಗಿ ಕರ್ತನು ಬರುತ್ತಾನೆ ಅನ್ನುವುದನ್ನು ನಾನು ಬಿಟ್ಟಿಲ್ಲ. ವಿಶ್ವಾಸ ಪ್ರಮಾಣದಲ್ಲಿ 'ಆತನು ತಿರುಗಿ ಬರುವನು' ಅನ್ನುವಾಗ ಈಗ ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತೇನೆ. ಯಾವಾಗ ಅನ್ನುವುದನ್ನು ಮಾತ್ರ ಬಿಟ್ಟಿದ್ದೇನೆ. ಅಜ್ಜಿಯ ಹಳೆಯ ಕಾಗದಗಳನ್ನು ತೆಗೆದುಕೊಂಡು ಒಬ್ಬ ವಕೀಲರ ಹತ್ತಿರ ಹೋದೆವು. ಇನ್ನೂ ಏನೂ ಆಗಿಲ್ಲ. ಅಲೆಯುತ್ತಿದ್ದೇವೆ.

ಇದು ಬರೀ ಸಮಾಜಸೇವೆ, ಸುವಾರ್ತೆ ಎಲ್ಲಿ ಅಂತ ಕೇಳುವವರಿದ್ದಾರೆ. ಅವರಿಗೆ ಯೆರೆಮೀಯ 28 ಮತ್ತು 29 ಒಟ್ಟಿಗೆ ಓದಿ ಅನ್ನುತ್ತೇನೆ. ಬಾಬೆಲಿಗೆ ಸೆರೆಹೋದವರು ಎರಡು ವರ್ಷದಲ್ಲಿ ವಾಪಸ್ ಬರುತ್ತಾರೆ ಅಂತ ಹನನ್ಯ ಪ್ರವಾದಿಸಿದ. ಕೇಳಲು ಹಿತವಾಗಿತ್ತು. ಯೆರೆಮೀಯ 70 ವರ್ಷ ಅಂದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಕಾಗದ ಬರೆದ. ಬಿಡುಗಡೆ ಇಲ್ಲ ಅಂತ ಅವನೂ ಹೇಳಲಿಲ್ಲ. ಸುಳ್ಳು ಪ್ರವಾದಿ ಅನ್ನಿಸಿಕೊಂಡದ್ದು ಬೇಗ ಅಂದವನು.

ಸುದ್ದಿ ಓದುವ ರೀತಿಯೂ ಬದಲಾಗಿದೆ. ಎಲ್ಲಾದರೂ ಭೂಮಿ ನಡುಗಿದರೆ ಕೈ ಈಗಲೂ ಒಮ್ಮೊಮ್ಮೆ ಕೆಂಪು ಪೆನ್ನಿನ ಕಡೆ ಹೋಗುತ್ತದೆ, ಹಳೆಯ ಚಾಳಿ. ಆಗ ಸತ್ತವರ ಸಂಖ್ಯೆಯನ್ನು ಮೂರು ಸಲ ಓದುತ್ತೇನೆ. ಒಬ್ಬೊಬ್ಬರಿಗೂ ಒಬ್ಬ ಅಪ್ಪ ಇದ್ದ ಅಂತ ನೆನೆಸಿಕೊಳ್ಳುತ್ತೇನೆ. ನಮ್ಮಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯವರೆಗೂ ಬೈಬಲ್ ತಾವೇ ಓದಿಕೊಂಡರು.

ಕಳೆದ ಶನಿವಾರ ಅಜ್ಜಿಯ ಮನೆಯ ನಲ್ಲಿ ಸೋರುತ್ತಿತ್ತು. ವಾಷರ್ ಹಾಕಲು ಕೂತೆ. ತಂದದ್ದು ಅಳತೆಗೆ ಸರಿಹೋಗಲಿಲ್ಲ, ಮುಕ್ಕಾಲು ಇಂಚಿನದು ತಂದಿದ್ದೆ. ಅಜ್ಜಿ ಕಿಟಕಿಯಿಂದ ಆಕಾಶ ನೋಡುತ್ತಾ ಹಾಡಿಕೊಳ್ಳುತ್ತಿದ್ದರು. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಕೈ ಒರೆಸಿಕೊಂಡು ಹೊರಟೆ. ಬಾಗಿಲವರೆಗೂ ಬಂದರು.

"ಬರೋ ಶನಿವಾರದೊಳಗೆ ಕರ್ತನು ಬರದಿದ್ರೆ ಅರ್ಧ ಇಂಚಿಂದು ತಗೊಂಡು ಬಾ" ಅಂದರು.